ಗಾಳಿಗೆ ಮೂತಿ ಕೊಟ್ಟು ನಿಲ್ಲೋ ದೋಣಿ

ಪ್ರೊಪೆಲ್ಲರ್ ನೀರಿಂದ ಆಚೆ ಬಂದಾಗ ಒಂದು ಸದ್ದು ಬರುತ್ತೆ. ನೀರೊಳಗಿದ್ದಾಗ ಇದೆಯೋ ಇಲ್ವೋ ಅನ್ನೋಷ್ಟು ಮೆತ್ತಗಿರೋ ಮೋಟಾರು, ಅಲೆ ಕೆಳಗೆ ಸರಿದು ಬೋಟಿನ ಮೂತಿ ಮೇಲಕ್ಕೆದ್ದ ಕೂಡ್ಲೇ, ಖಾಲಿ ಮಿಕ್ಸಿ ಜಾರ್ ತಿರುಗಿಸಿದ ಹಾಗೆ ಗರ್ರ್ ಅಂತ ಕಿರುಚಿ, ಮತ್ತೆ ನೀರಿಗೆ ಬಿದ್ದಾಗ ಸುಮ್ಮನಾಗುತ್ತೆ. ಮೂರು ವರ್ಷದ ಹಿಂದೆ ಜೂನ್ ತಿಂಗಳ ಒಂದು ಶನಿವಾರ, ಅಮೆರಿಕದ ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದ ನಡುವೆ, ಆ ಸದ್ದನ್ನ ಮುಕ್ಕಾಲು ಗಂಟೆ ಕೇಳಿಸ್ಕೊಂಡೆ. ಇವತ್ತಿಗೂ ಮಿಕ್ಸಿ ಖಾಲಿ ತಿರುಗಿದ್ರೆ ನನಗೆ ಅದೇ ನೆನಪಾಗೋದು. ಆ ದಿನ ಏನು ತಪ್ಪಾಯ್ತು ಅಂತ ಯೋಚನೆ ಮಾಡ್ತಾ ಮಾಡ್ತಾ ಮೋಟಾರು, ಬ್ಯಾಟರಿ, ವೈರು ಅಂತ ಎರಡು ವರ್ಷ ಓಡಾಡಿದೀನಿ, ಅದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸ್ತು.

ಮೊದ್ಲು ನಮ್ಮಲ್ಲಿ 16 ಅಡಿಯ ಚಿಕ್ಕ ಅಲ್ಯುಮಿನಿಯಂ ಬೋಟ್ ಇತ್ತು. ಅದರ ಮೂತಿಗೆ ಬ್ಯಾಟರಿಯಲ್ಲಿ ಓಡೋ ಒಂದು ಚಿಕ್ಕ ಮೋಟಾರು, ಟ್ರೋಲಿಂಗ್ ಮೋಟಾರ್ ಅಂತಾರೆ, 55 ಪೌಂಡ್ ಥ್ರಸ್ಟಿನ (ಅಂದ್ರೆ ತಳ್ಳೋ ಬಲದ) 12 ವೋಲ್ಟಿಂದು ಹಾಕಿದ್ವಿ, ಐದು ವರ್ಷ ಒಂದು ದಿನವೂ ತೊಂದ್ರೆ ಕೊಡ್ಲಿಲ್ಲ. ಮಗಳು ದೊಡ್ಡವಳಾದ್ಲು, ಗೆಳೆಯರು ಬರೋಕೆ ಶುರು ಮಾಡಿದ್ರು, ಸರಿ ಅಂತ 21 ಅಡಿಯ ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡ್ವಿ. ಆಳವಾದ ಹೊಟ್ಟೆ, ಎತ್ತರದ ಪಕ್ಕೆ, ಹಿಂದೆ ದೊಡ್ಡ ಔಟ್‌ಬೋರ್ಡ್ ಇಂಜಿನ್. ಹಳೇ ಟ್ರೋಲಿಂಗ್ ಮೋಟಾರು ಚೆನ್ನಾಗೇ ಇತ್ತಲ್ಲ, ಬಿಚ್ಚಿ ಇದಕ್ಕೆ ಹಾಕ್ದೆ. ಎರಡು ಸಲ ಚಿಕ್ಕ ಕೆರೆಗಳಲ್ಲಿ ಓಡಿಸಿ ನೋಡ್ದೆ, ಹೋಗ್ತಿತ್ತು, ಅಷ್ಟಕ್ಕೇ ಸಮಾಧಾನ ಮಾಡ್ಕೊಂಡೆ.

ಮಿಲ್ ಲ್ಯಾಕ್ಸ್ ಚಿಕ್ಕ ಕೆರೆ ಅಲ್ಲ. 1 ಲಕ್ಷ 32 ಸಾವಿರ ಎಕರೆ, ನಡುವಲ್ಲಿ ನಿಂತ್ರೆ ಆಚೆ ದಡ ಒಂದು ಗೆರೆ ಅಷ್ಟೇ. ಆದ್ರೆ ಅತಿ ಆಳ ಅಂದ್ರೂ 42 ಅಡಿ. ಅಷ್ಟಗಲ ಇದ್ದು ಆಳ ಕಮ್ಮಿ ಇರೋ ನೀರಿಗೆ ಗಾಳಿ ಬಿದ್ರೆ ಅಲೆ ಬೇಗ ಏಳುತ್ತೆ, ಅದೂ ಸಮುದ್ರದ ಹಾಗೆ ಉದ್ದುದ್ದ ಅಲೆ ಅಲ್ಲ, ಒತ್ತೊತ್ತಾಗಿ ಕುಟ್ಟೋ ಅಲೆ. ಅವತ್ತು ಬೆಳಿಗ್ಗೆ ಕನ್ನಡಿ ಥರ ಇತ್ತು ನೀರು. ಕೆಸರು ದಿಬ್ಬದ ಅಂಚಲ್ಲಿ ವಾಲೈ ಮೀನು ಸಿಗುತ್ತೆ ಅಂತ ಅಲ್ಲಿಗೆ ಹೋಗಿ ನಿಂತ್ವಿ, ನಾನು, ನನ್ನ ಗೆಳೆಯ, ಮಗಳು. ಒಂಬತ್ತೂವರೆ ಹೊತ್ತಿಗೆ ವಾಯವ್ಯದಿಂದ ಗಾಳಿ ಎದ್ದಿತು. ಮೋಟಾರನ್ನ ಫುಲ್‌ಗೆ ಇಟ್ಟೆ. ನನ್ನ ಕಣ್ಣು ಗಾಳದ ಮೇಲೆ, ಮಗಳ ಕಣ್ಣು ಬೋಟ್ ಎಲ್ಲಿದೆ ಅಂತ ತೋರಿಸೋ ಸ್ಕ್ರೀನ್ ಮೇಲೆ, ಅವಳೇ ಮೊದ್ಲು ಹೇಳಿದ್ದು, "ಅಪ್ಪಾ, ನಾವು ಹಿಂದಕ್ಕೆ ಹೋಗ್ತಿದೀವಿ." ನೋಡಿದ್ರೆ ನಿಜ. ಮೋಟಾರು ಮುಂದಕ್ಕೆ ಎಳೀತಿದೆ, ಬೋಟು ಹಿಂದಕ್ಕೆ ಜಾರ್ತಿದೆ, ಪ್ರತಿ ಮೂರನೇ ಅಲೆಗೆ ಪ್ರೊಪೆಲ್ಲರ್ ಮೇಲೆ ಬಂದು ಕಿರುಚ್ತಿದೆ. ಹೀಗೇ ಮುಕ್ಕಾಲು ಗಂಟೆ ಎಳೆದು ಬ್ಯಾಟರಿ ಸೋತು ಹೋಯ್ತು, ಪ್ರೊಪೆಲ್ಲರ್ ತಿರುಗೋದು ನಿಧಾನ ಆಯ್ತು, ಮೂತಿ ಗಾಳಿಯಿಂದ ತಪ್ಪಿ ಬೋಟ್ ಅಡ್ಡಡ್ಡ ತಿರುಗ್ತು. ಅಡ್ಡ ತಿರುಗಿದ ಮೇಲೆ ಬಂದ ಮೊದಲ ಅಲೆ ಪಕ್ಕೆಗೆ ಬಡಿದು ಒಳಗೆ ಚೆಲ್ತು, ಮಗಳು ಸೀಟಿನ ಕಂಬಿ ಹಿಡ್ಕೊಂಡು ಕೂತ್ಕೊಂಡ್ಲು. ದೊಡ್ಡ ಇಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿ ಬೇರೆ ಇತ್ತು, ಹಳೇ ಓನರ್ ಹಾಗೆ ಮಾಡಿಟ್ಟಿದ್ದ, ಅವನಿಗೆ ಪುಣ್ಯ ಬರ್ಲಿ. ಇಂಜಿನ್ ಹತ್ತಿತು, ದಡಕ್ಕೆ ಬಂದ್ವಿ. ಏನೂ ಆಗ್ಲಿಲ್ಲ ಅನ್ನಬಹುದು. ಆದ್ರೆ ಆ ರಾತ್ರಿ ನಿದ್ದೆ ಬರ್ಲಿಲ್ಲ, ಎರಡೂ ಕೆಲ್ಸ ಒಂದೇ ಬ್ಯಾಟರಿ ಮೇಲೆ ಇದ್ದಿದ್ರೆ ಅನ್ನೋದೇ ತಲೇಲಿ.

ನಿಲ್ಲೋ ಮೋಟಾರು, ಓಡೋ ಮೋಟಾರಲ್ಲ

ಗಂಗೊಳ್ಳಿಯಲ್ಲಿರೋ ದೊಡ್ಡಪ್ಪನ ಮಗ ಅಣ್ಣನಿಗೆ ಫೋನಲ್ಲಿ ಇದನ್ನ ಹೇಳಿದಾಗ ಅವನು ಟ್ರೋಲಿಂಗ್ ಅನ್ನೋದನ್ನ ಟ್ರಾಲ್ ಅಂತ ಕೇಳಿಸ್ಕೊಂಡ. ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಅದು ಸಹಜ, ಅಲ್ಲಿ ಟ್ರಾಲ್ ಬೋಟ್ ಅಂದ್ರೆ ತಳದಲ್ಲಿ ಬಲೆ ಎಳೆಯೋ ದೊಡ್ಡ ಬೋಟು. ಇದು ಬೇರೆ. ಗಾಳದ ದಾರನ ಹಿಂದೆ ಬಿಟ್ಟು ನಿಧಾನಕ್ಕೆ ಎಳ್ಕೊಂಡು ಹೋಗೋದಕ್ಕೆ ಟ್ರೋಲಿಂಗ್ ಅಂತಾರೆ, ಆ ನಿಧಾನದ ಓಟಕ್ಕೆ ಅಂತ ಬಂದ ಚಿಕ್ಕ ಕರೆಂಟ್ ಮೋಟಾರಿಗೆ ಆ ಹೆಸರು ನಿಂತ್ಕೊಂತು. ನಮ್ಮ ಮಿನ್ನೆಸೋಟಕ್ಕೂ ಇದಕ್ಕೂ ಹಳೇ ನಂಟು. 1934ರಲ್ಲಿ ಪಕ್ಕದ ನಾರ್ತ್ ಡಕೋಟಾದ ಫಾರ್ಗೋದಲ್ಲಿ ಓ. ಜಿ. ಸ್ಮಿಟ್ ಅನ್ನೋರು ಇಂಥ ಮೋಟಾರ್ ಮಾಡಿದ್ರು, ಎರಡು ರಾಜ್ಯದ ಗಡಿಯಲ್ಲಿದ್ದ ಕಂಪನಿ ಅಂತ ಎರಡೂ ಹೆಸರು ಸೇರಿಸಿ ಮಿನ್ ಕೋಟಾ ಅಂತ ಇಟ್ರು. ಈಗ ಅದು ಮ್ಯಾಂಕೇಟೋ ಊರಲ್ಲಿದೆ. ಇಲ್ಲಿ ಎಷ್ಟೋ ಜನ ಟ್ರೋಲಿಂಗ್ ಮೋಟಾರ್ ಅನ್ನೋ ಬದಲು ಆ ಹೆಸರನ್ನೇ ಹೇಳ್ತಾರೆ, ನಮ್ಮಲ್ಲಿ ಜೆರಾಕ್ಸ್ ಅಂದ ಹಾಗೆ.

ಆದ್ರೆ ಈಗಿನ ಕಾಲದಲ್ಲಿ ಇದರ ಮುಖ್ಯ ಕೆಲ್ಸ ಎಳ್ಕೊಂಡು ಹೋಗೋದಕ್ಕಿಂತ ನಿಲ್ಲಿಸೋದು. ಜಿಪಿಎಸ್ ಇರೋ ಮೋಟಾರಲ್ಲಿ ಒಂದು ಬಟನ್ ಒತ್ತಿದ್ರೆ ಇದ್ದ ಜಾಗ ನೆನಪಿಟ್ಕೊಂಡು, ಗಾಳಿ ತಳ್ಳಿದಷ್ಟನ್ನ ತಾನೇ ತಿರುಗಿ ತಿರುಗಿ ವಾಪಸ್ ಎಳ್ಕೊಂಡು ನಿಲ್ಲುತ್ತೆ. ಸ್ಪಾಟ್ ಲಾಕ್ ಅಂತಾರೆ. ಹಗ್ಗ ಇಲ್ಲ, ಲಂಗರು ಇಲ್ಲ, ತಳದ ಕೆಸರು ಕದಡೋದಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯ್ತು. ಚಿಕ್ಕ ಕೆರೆಯಲ್ಲಿ ನಾನು ನೋಡಿದ್ದು ಮೋಟಾರು ಬೋಟನ್ನ ಓಡಿಸುತ್ತಾ ಅಂತ. ಗಾಳಿ ಇಲ್ಲದ ನೀರಲ್ಲಿ 55 ಪೌಂಡ್ ಥ್ರಸ್ಟ್ ಎಂಥ ಬೋಟನ್ನೂ ನಿಧಾನಕ್ಕೆ ಓಡಿಸುತ್ತೆ, ಓಡೋದಕ್ಕೆ ತುಂಬಾ ಬಲ ಬೇಡ. ನೋಡ್ಬೇಕಿದ್ದದ್ದು ಗಾಳಿ ಎದ್ದಾಗ ನಿಲ್ಲಿಸುತ್ತಾ ಅಂತ.

ಇಲ್ಲಿ ಎಲ್ರೂ ಹೇಳೋ ಲೆಕ್ಕ ಒಂದಿದೆ: ತುಂಬಿದ ಬೋಟಿನ ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್ ಥ್ರಸ್ಟ್. ತುಂಬಿದ ಅನ್ನೋ ಪದ ಇಲ್ಲಿ ಮುಖ್ಯ. ಕಂಪನಿ ಪುಸ್ತಕದಲ್ಲಿ ಬರೆಯೋದು ಬರೀ ಹಲ್ ತೂಕ, ಅಂದ್ರೆ ಖಾಲಿ ಒಡಲಿಂದು, ನನ್ನ ಬೋಟಿಗೆ ಅದು 2,100 ಪೌಂಡ್ ಇತ್ತು, ಆ ಲೆಕ್ಕದಲ್ಲಿ 42 ಪೌಂಡ್ ಸಾಕು ಅನ್ನಿಸಿಬಿಡುತ್ತೆ. ಆ ಜೂನ್ ಆದ ಮೇಲೆ ಹೈವೇಲಿ ಟ್ರಕ್ ತೂಕ ಮಾಡೋ ಕಡೆ ಟ್ರೇಲರ್ ಸಮೇತ ಬೋಟನ್ನ ಕಾಟಾ ಮೇಲೆ ನಿಲ್ಲಿಸ್ದೆ, ಟ್ಯಾಂಕ್ ತುಂಬಿಸ್ಕೊಂಡೇ ಹೋಗಿದ್ದೆ. 4,760 ಬಂತು. ಟ್ರೇಲರ್ ತೂಕ 1,050 ಕಳೆದ್ರೆ 3,710. ಅದಕ್ಕೆ ನಾಲ್ಕು ಜನ ಅಂತ 600 ಸೇರಿಸಿದ್ರೆ 4,300 ದಾಟುತ್ತೆ. ಅಂದ್ರೆ 86 ಪೌಂಡ್ ಥ್ರಸ್ಟ್, ಅದೂ ಕನಿಷ್ಠ. ನನ್ನ ಹತ್ರ ಇದ್ದಿದ್ದು 55.

ತೂಕದ ಲೆಕ್ಕ ಇಷ್ಟಕ್ಕೆ ಮುಗೀತು, ಗಾಳಿಯ ಲೆಕ್ಕ ಇನ್ನೂ ಇದೆ. ಗಾಳಿಯ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗುತ್ತೆ. 10 ಮೈಲಿ ಗಾಳಿಗೆ ಆರಾಮಾಗಿ ನಿಂತ ಬೋಟು 20 ಮೈಲಿ ಗಾಳಿಗೆ ನಾಲ್ಕು ಪಟ್ಟು ಬಲ ಕೇಳುತ್ತೆ. ಇನ್ನು ದೊಡ್ಡ ಬೋಟಿನ ಎತ್ತರದ ಪಕ್ಕೆ, ಮುಂದಿನ ಗ್ಲಾಸು, ಮೇಲಿನ ಟಾಪು ಎಲ್ಲ ಸೇರಿ ಹಗ್ಗದ ಮೇಲೆ ಒಣಗೋಕೆ ಹಾಕಿದ ಸೀರೆ ಥರ ಗಾಳಿ ತುಂಬ್ಕೊಳ್ಳುತ್ತೆ. ನಾನು ಮೊದ್ಲೇ ಮಾಡಬೇಕಿದ್ದ ಕೆಲ್ಸ ಒಂದಿದೆ, ಟಾಪ್ ಮಡಚಿ ಇಡೋದು, ಕಾಸು ಖರ್ಚಿಲ್ಲದ ಕೆಲ್ಸ, ಅದರಿಂದಲೇ ಎಷ್ಟೋ ಭಾರ ಇಳಿಯುತ್ತೆ.

ದೊಡ್ಡಪ್ಪನ ಗಳ

ಮೋಟಾರ್ ಮೂತಿಗೆ ಹಾಕ್ಬೇಕಾ, ಹಿಂದೆ ಹಾಕ್ಬೇಕಾ ಅಂತ ಹೊಸಬರು ಕೇಳ್ತಿರ್ತಾರೆ. ನನಗೆ ಈ ಪ್ರಶ್ನೆಗೆ ಉತ್ತರ ಹುಡುಕೋ ಕೆಲ್ಸ ಇರ್ಲಿಲ್ಲ, ಎಂಟೊಂಬತ್ತು ವರ್ಷದವನಿದ್ದಾಗ್ಲೇ ಕಣ್ಣಾರೆ ನೋಡಿದ್ದೆ. ಬೇಸಿಗೆ ರಜಕ್ಕೆ ದೊಡ್ಡಪ್ಪನ ಮನೆಗೆ ಹೋದ್ರೆ ಪಂಚಗಂಗಾವಳಿಯಲ್ಲಿ ದೋಣಿ. ಐದು ಹೊಳೆ ಸೇರಿ ಸಮುದ್ರಕ್ಕೆ ಬೀಳೋ ಜಾಗ ಅದು, ಒಂದ್ಕಡೆಯಿಂದ ಹೊಳೆ ನೀರು ತಳ್ಳುತ್ತೆ, ಇನ್ನೊಂದ್ಕಡೆಯಿಂದ ಉಬ್ಬರ, ಮಧ್ಯಾಹ್ನ ಆದ್ಮೇಲೆ ಕಡಲ ಗಾಳಿ. ದೊಡ್ಡಪ್ಪನದ್ದು ಹುಟ್ಟು ಹಾಕೋ ನಾಡದೋಣಿ, ಆಳ ಕಮ್ಮಿ ಇರೋ ಕಡೆ ಉದ್ದನೆ ಬಿದಿರ ಗಳದಲ್ಲಿ ತಳ ಊರಿ ನೂಕ್ತಿದ್ರು. ಒಂದ್ಸಲ ನಾವು ವಾಪಸ್ ಬರೋ ಹೊತ್ತಿಗೆ ಗಾಳಿ ಜೋರಾಯ್ತು. ದೊಡ್ಡಪ್ಪ ಹುಟ್ಟು ಹಾಕ್ಲೇ ಇಲ್ಲ. ಗಳನ ಕೆಸರಿಗೆ ಎರಡು ಕೈಯಲ್ಲಿ ಒತ್ತಿ ಊರಿ, ಅಲ್ಲಾಡಿಸಿ ನೋಡಿ, ಇನ್ನೊಂಚೂರು ಒತ್ತಿ, ಹಗ್ಗ ತಗೊಂಡು ದೋಣಿಯ ಮುಂದಿನ ತುದಿಯಿಂದ ಗಳಕ್ಕೆ ಕಟ್ಟಿದ್ರು. ನಾನು ಹಿಂದೆ ಕೂತಿದ್ದೆ, ಹಗ್ಗ ನನ್ನ ಕೈಗೆ ಹತ್ತಿರ ಇತ್ತು, ಇಲ್ಲೇ ಕಟ್ಬಹುದಲ್ಲ ದೊಡ್ಡಪ್ಪ ಅಂದೆ. "ಮೂತಿ ಗಾಳಿಗ್ ಕೊಡ್ಕ್ ಮಗಾ, ಬೆನ್ನ್ ಕೊಡುಕಾಗ" ಅಂದ್ರು, ಅಷ್ಟೇ. ದೋಣಿ ನಿಧಾನಕ್ಕೆ ಸುತ್ತು ತಿರುಗಿ ಗಾಳಿಗೆ ಎದುರಾಗಿ ನಿಂತಿತು, ಅಲೆ ಎರಡು ಪಕ್ಕಕ್ಕೆ ಸೀಳ್ಕೊಂಡು ಹೋಗ್ತಿತ್ತು, ಒಳಗೆ ಒಂದು ಹನಿ ಬೀಳ್ಲಿಲ್ಲ. ದೊಡ್ಡಪ್ಪ ಎಲೆ ಅಡಿಕೆ ಬಿಚ್ಚಿ ಸುಣ್ಣ ಹಚ್ಚೋಕೆ ಶುರು ಮಾಡಿದ್ರು. ಗಾಳಿ ಇಳಿಯೋ ತನಕ ಹಾಗೇ ಕೂತಿದ್ವಿ.

ಮೂತಿಗೆ ಹಾಕಿದ ಮೋಟಾರು ಮಾಡೋದು ಆ ಹಗ್ಗದ ಕೆಲ್ಸ. ಮುಂದಿನಿಂದ ಎಳೆದ್ರೆ ಬೋಟಿನ ಹಿಂಭಾಗ ತಾನಾಗೇ ಸಾಲಿಗೆ ಬರುತ್ತೆ. ಹಿಂದಿನಿಂದ ತಳ್ಳಿದ್ರೆ ಮೂತಿ ಗಾಳಿಗೆ ಸಿಕ್ಕಿ ಎಡಕ್ಕೋ ಬಲಕ್ಕೋ ಓಲಾಡುತ್ತೆ, ಅದನ್ನ ಸರಿಮಾಡೋಕೇ ಅರ್ಧ ಬ್ಯಾಟರಿ ಹೋಗುತ್ತೆ. 14 ಅಡಿ ದೋಣಿಗೆ ಹಿಂದೆ ಹಾಕಿದ್ರೂ ನಡೆಯುತ್ತೆ. 20 ಅಡಿ ದಾಟಿದ ಮೇಲೆ ಮೂತಿಯೇ ಸರಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಅದಕ್ಕೆ ಜೊತೆಯಾಗಿ ಬರೋದು ಶಾಫ್ಟಿನ ಉದ್ದ, ಅಂದ್ರೆ ಪ್ರೊಪೆಲ್ಲರನ್ನ ನೀರಿಗೆ ಇಳಿಸೋ ಕೋಲಿಂದು. ನಾನು ಕೇಳಿದ ಆ ಕಿರುಚಾಟಕ್ಕೆ ಕಾರಣ ಥ್ರಸ್ಟ್ ಅಲ್ಲ, ಶಾಫ್ಟು. ಹಳೇ ಮೋಟಾರಿನ ಶಾಫ್ಟ್ 45 ಇಂಚು. ಹೊಸ ಬೋಟಿನ ಮೂತಿಯ ಮೇಲಿಂದ ನೀರಿನ ಮಟ್ಟಕ್ಕೆ ಟೇಪ್ ಹಿಡಿದು ಅಳೆದ್ರೆ 34 ಇಂಚು. ಉಳಿದ 11 ಇಂಚಲ್ಲಿ ಪ್ರೊಪೆಲ್ಲರ್ ನೀರಲ್ಲಿ ಇನ್ನೆಷ್ಟು ಮುಳುಗಿರೋಕೆ ಸಾಧ್ಯ? ಅಳತೆಗೆ 20 ಇಂಚು ಸೇರಿಸ್ಬೇಕು, ಅಲೆ ಏಳೋ ನೀರಾದ್ರೆ ಇನ್ನೊಂದು ಅಡಿ. ಲೆಕ್ಕ 66ಕ್ಕೆ ಬಂತು, 60 ಮತ್ತು 72 ಎರಡೇ ಸಿಗ್ತಿದ್ದದ್ದು, 72 ತಗೊಂಡೆ. ಮಡಚಿ ಇಟ್ಟಾಗ ಉದ್ದ ಚಾಚ್ಕೊಂಡಿರುತ್ತೆ, ಕಾಲಿಗೆ ತಾಗುತ್ತೆ, ಆದ್ರೂ ಆವತ್ತಿಂದ ಆ ಸದ್ದು ಕೇಳಿಲ್ಲ. ಪ್ರೊಪೆಲ್ಲರ್ ನೀರಿಂದ ಆಚೆ ಬಂದ್ರೆ ಮೋಟಾರಿಗೆ 112 ಪೌಂಡ್ ಥ್ರಸ್ಟ್ ಇದ್ದೂ ಆ ಗಳಿಗೆಗೆ ಸೊನ್ನೆ.

12, 24, 36

ಸಾಮಾನ್ಯವಾಗಿ ಈ ಮೋಟಾರುಗಳು ಮೂರು ಮೆಟ್ಟಿಲಲ್ಲಿ ಬರ್ತವೆ. 12 ವೋಲ್ಟಲ್ಲಿ 55 ಪೌಂಡ್ ತನಕ, 24ರಲ್ಲಿ 80ರ ಆಸುಪಾಸು, 36ರಲ್ಲಿ 112ರ ಆಸುಪಾಸು. ಪ್ರತಿ ಮೆಟ್ಟಿಲಿಗೂ ಒಂದೊಂದು 12 ವೋಲ್ಟ್ ಬ್ಯಾಟರಿ ಜಾಸ್ತಿ, ಸೀರೀಸಲ್ಲಿ, ಒಂದರ ಪ್ಲಸ್ಸಿಂದ ಇನ್ನೊಂದರ ಮೈನಸ್ಸಿಗೆ. ಇಷ್ಟು ಮಾತ್ರ ನೋಡಿದ್ರೆ, ಯಾಕೆ ಹೀಗೆ, 12 ವೋಲ್ಟಲ್ಲೇ 112 ಪೌಂಡ್ ಮೋಟಾರ್ ಮಾಡಬಹುದಲ್ಲ ಅನ್ನಿಸುತ್ತೆ. ಉತ್ತರ ವೈರಲ್ಲಿದೆ.

ಫುಲ್ ಬಿಟ್ಟಾಗ ಮೂರೂ ಥರದ ಮೋಟಾರು ಹೆಚ್ಚುಕಮ್ಮಿ 50 ಆಂಪಿಯರ್ ಎಳೀತವೆ. 12 ವೋಲ್ಟಲ್ಲಿ ಅದು 600 ವಾಟ್, 36ರಲ್ಲಿ 1,800 ವಾಟ್. ಅದೇ 1,800 ವಾಟನ್ನ 12 ವೋಲ್ಟಲ್ಲಿ ತರೋಕೆ ಹೋದ್ರೆ 150 ಆಂಪ್ ಬೇಕು, ಅದಕ್ಕೆ ಬೇಕಾಗೋ ವೈರ್ ಹೆಬ್ಬೆರಳು ದಪ್ಪ. ಇದು ನಮ್ಮೂರಿನವರಿಗೆ ಹೊಸ ವಿಷ್ಯ ಏನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 90 ಮೈಲಿ ಕರೆಂಟ್ ಎಳೆದಾಗ 30 ಸಾವಿರ ವೋಲ್ಟ್ ಆಸುಪಾಸಿಗೆ ಏರಿಸಿ ಕಳಿಸಿದ್ದು ಇದೇ ಕಾರಣಕ್ಕೆ, ವೋಲ್ಟ್ ಏರಿಸಿದ್ರೆ ಆಂಪ್ ಇಳಿಯುತ್ತೆ, ಆಂಪ್ ಇಳಿದ್ರೆ ದಾರೀಲಿ ಕಾದು ಹಾಳಾಗೋದು ಕಮ್ಮಿ. ಬೋಟಲ್ಲಿ ದೂರ ಬರೀ 20 ಅಡಿ, ಆದ್ರೂ ಲೆಕ್ಕ ಅದೇ. ಬ್ಯಾಟರಿ ಹಿಂದೆ, ಮೋಟಾರು ಮುಂದೆ, ಹೋಗಿ ಬರೋ ದಾರಿ ಸೇರಿ 40 ಅಡಿ ತಾಮ್ರ. ನನ್ನ ಬೋಟಲ್ಲಿ ಹಳೇ ಓನರ್ ಎಳೆದಿದ್ದದ್ದು 10 ಗೇಜ್ ವೈರು. 50 ಆಂಪ್ ಹರಿದ್ರೆ ಅದರಲ್ಲಿ 2 ವೋಲ್ಟ್ ದಾರೀಲೇ ಹೋಗುತ್ತೆ, 12ರಲ್ಲಿ 2 ಅಂದ್ರೆ ಆರನೇ ಒಂದು ಪಾಲು. ಆವತ್ತು ನನ್ನ 55 ಪೌಂಡ್ ಮೋಟಾರಿಗೆ ಪೂರ್ತಿ 55 ಪೌಂಡ್ ಎಳೆಯೋ ಕರೆಂಟೂ ಮುಟ್ಟಿರ್ಲಿಲ್ಲ. ಆಮೇಲೆ 6 ಗೇಜ್ ಎಳೆದೆ, ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ, ಈಗ ಅದೇ 50 ಆಂಪಿಗೆ 0.8 ವೋಲ್ಟ್ ಹೋಗುತ್ತೆ, 36ರಲ್ಲಿ ಅದು ಲೆಕ್ಕಕ್ಕಿಲ್ಲ.

24ರ 80 ಪೌಂಡು ನನ್ನ 86ರ ಲೆಕ್ಕಕ್ಕೆ ಹತ್ತಿರ ಇತ್ತು, ಅಂಗಡಿಯವನು ಅದೇ ಸಾಕು ಅಂದ. ಸುಮಾರು 3,000 ಡಾಲರಿನ ವಿಷ್ಯ, ಒಂದು ವಾರ ಮನೇಲಿ ಚರ್ಚೆ ಆಯ್ತು. ನಾನು 36 ಅಂದಿದ್ದು ಜೋರಾಗಿ ಓಡೋಕಲ್ಲ. ಪ್ರೊಪೆಲ್ಲರನ್ನ ಮೆಲ್ಲಗೆ ತಿರುಗಿಸಿದ್ರೆ ಕರೆಂಟ್ ತುಂಬಾ ಕಮ್ಮಿ ಸಾಕು, ವೇಗ ಸ್ವಲ್ಪ ಏರಿಸಿದ್ರೂ ವಾಟ್ ಹಾರಿಬಿಡುತ್ತೆ, ವೇಗ ಎರಡರಷ್ಟಾದ್ರೆ ವಾಟ್ ಸುಮಾರು ಎಂಟರಷ್ಟು. ಹಾಗಾಗಿ ದೊಡ್ಡ ಮೋಟಾರನ್ನ ಅರ್ಧ ಬಲದಲ್ಲಿ ಇಡೋದು, ಚಿಕ್ಕದನ್ನ ಉಸಿರು ಬಿಡೋ ಹಾಗೆ ಓಡಿಸೋದಕ್ಕಿಂತ ಎಷ್ಟೋ ಮೇಲು. ಗಾಳಿ ಎದ್ದಾಗ ಇನ್ನರ್ಧ ಕೈಯಲ್ಲಿರುತ್ತೆ. ಒಂದು ಮಾತು ಮಾತ್ರ ಸರಿಯಾಗಿ ತಿಳ್ಕೊಬೇಕು. ವೋಲ್ಟ್ ಜಾಸ್ತಿ ಆದ್ರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ ಅಂತ ಕೆಲವರು ಹೇಳ್ತಾರೆ, ಹೊತ್ತು ಬರೋದು ವೋಲ್ಟಿಂದ ಅಲ್ಲ, ಮೂರನೇ ಬ್ಯಾಟರಿಯಿಂದ. ಎರಡು 100 ಆಂಪ್ ಅವರ್ ಬ್ಯಾಟರಿ ಅಂದ್ರೆ 2,400 ವಾಟ್ ಅವರ್, ಮೂರಾದ್ರೆ 3,600. ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆಯೋ ಅಷ್ಟೇ ಅನ್ನ.

ಸೀಸವೋ ಲಿಥಿಯಮ್ಮೋ

ಮೊದಲ ವರ್ಷ ಮೂರು ಎಜಿಎಂ ಹಾಕ್ದೆ, ಸೀಸದ ಬ್ಯಾಟರಿ, ನೀರು ಹಾಕೋ ಗೋಜಿಲ್ಲದ್ದು. ಒಂದೊಂದು 70 ಪೌಂಡ್, ಮೂರು ಸೇರಿ 210. ನನ್ನ ಹಾಗೇ ಸೊಂಟ ನೋವಿರೋರು ಒಬ್ಬರೇ ಎತ್ತೋಕೆ ಹೋಗ್ಬೇಡಿ. ಎಜಿಎಂ ಮೇಲೆ 100 ಅಂತ ಬರೆದಿದ್ರೂ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಬೇಗ ಮುಗಿಯುತ್ತೆ. ಇನ್ನೊಂದು, ಆ 100 ಅನ್ನೋದು 20 ಗಂಟೆಯಲ್ಲಿ ನಿಧಾನಕ್ಕೆ ಖಾಲಿ ಮಾಡಿದ್ರೆ ಸಿಗೋ ಲೆಕ್ಕ, 50 ಆಂಪ್ ಎಳೆದ್ರೆ ಅಷ್ಟು ಸಿಗೋದೇ ಇಲ್ಲ. ಆ ಜೂನಲ್ಲಿ ನನ್ನ ಹಳೇ ಬ್ಯಾಟರಿ ಮುಕ್ಕಾಲು ಗಂಟೆಗೆ ಸೋತಿದ್ದು ಇದಕ್ಕೇ, ಎರಡು ಗಂಟೆ ಬರುತ್ತೆ ಅಂತ ಮನಸ್ಸಲ್ಲೇ ಭಾಗಾಕಾರ ಮಾಡಿಟ್ಕೊಂಡಿದ್ದೆ.

ಹೋದ ವರ್ಷ ಲಿಥಿಯಂ ಐರನ್ ಫಾಸ್ಫೇಟಿಗೆ ಬದಲಾಯಿಸ್ದೆ. ಮೂರೂ ಸೇರಿ 90 ಪೌಂಡ್ ಒಳಗೆ, 120 ಪೌಂಡ್ ಇಳಿದಿದ್ದು ಬೋಟ್ ನೀರಿಗೆ ಇಳಿಸಿದಾಗ್ಲೇ ಕಾಣುತ್ತೆ. 100 ಅಂದ್ರೆ ಹೆಚ್ಚುಕಮ್ಮಿ 100 ಸಿಗುತ್ತೆ, ಕೊನೆ ತನಕ ವೋಲ್ಟೇಜ್ ಬೀಳಲ್ಲ. ಆದ್ರೆ ಅದೇ ಒಳ್ಳೆ ಗುಣದಲ್ಲಿ ಒಂದು ಅಪಾಯ ಇದೆ, ಇದನ್ನ ಮಾರೋರು ಹೇಳಲ್ಲ. ಸೀಸದ ಬ್ಯಾಟರಿ ಸುಸ್ತಾಗ್ತಾ ಸುಸ್ತಾಗ್ತಾ ಮುನ್ಸೂಚನೆ ಕೊಡುತ್ತೆ, ಮೋಟಾರ್ ನಿಧಾನ ಆಗೋದು ಕೈಗೆ ಗೊತ್ತಾಗುತ್ತೆ. ಲಿಥಿಯಂ ಕೊನೆ ತನಕ ಅದೇ ಬಲದಲ್ಲಿ ಎಳೆದು, ಒಳಗಿನ ಕಂಟ್ರೋಲ್ ಬೋರ್ಡ್ ಸಾಕು ಅಂದ ಕೂಡ್ಲೇ ಲೈಟ್ ಆರಿದ ಹಾಗೆ ಆಫ್. ದೊಡ್ಡ ನೀರಲ್ಲಿ ಅದು ನಡುವಲ್ಲಿ ಆದ್ರೆ ಏನು ಗತಿ ಅಂತ ನಾನು ಒಂದ್ಸಲ ನೋಡಿದೀನಲ್ಲ. ಅದಕ್ಕೇ ಲಿಥಿಯಂ ಹಾಕೋರು ಒಂದು ಶಂಟ್ ಮೀಟರ್ ಹಾಕ್ಲೇಬೇಕು, ಎಷ್ಟು ಆಂಪ್ ಹೋಯ್ತು, ಎಷ್ಟು ಉಳೀತು ಅಂತ ಎಣಿಸೋದು. ವೋಲ್ಟ್ ನೋಡಿ ಲಿಥಿಯಂ ಎಷ್ಟಿದೆ ಅಂತ ಹೇಳೋಕಾಗಲ್ಲ.

ಚಳಿ ಇನ್ನೊಂದು. ಇಲ್ಲಿ ಮೇ ಮಧ್ಯದಲ್ಲಿ ಮೀನು ಸೀಸನ್ ಶುರುವಾಗೋ ವಾರ ಬೆಳಿಗ್ಗೆ ಗ್ಯಾರೇಜಲ್ಲಿ ನೀರು ಗಡ್ಡೆ ಕಟ್ಟೋ ದಿನಗಳು ಇರ್ತವೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಕೆಳಗೆ ಲಿಥಿಯಂನ ಚಾರ್ಜ್ ಮಾಡಬಾರ್ದು, ಬಳಸಬಹುದು, ಚಾರ್ಜ್ ಮಾತ್ರ ಇಲ್ಲ. ಒಳಗೆ ಹೀಟರ್ ಇರೋ ಬ್ಯಾಟರಿ ಸಿಗ್ತವೆ, ಇಲ್ಲಾಂದ್ರೆ ಬಿಚ್ಚಿ ಮನೆಯೊಳಗೆ ತರಬೇಕು. ಸೀಸದ್ದು ಬೇರೆ ಥರ, ಫುಲ್ ಚಾರ್ಜ್ ಇದ್ರೆ ನಮ್ಮ ಜನವರಿಯನ್ನೂ ತಡ್ಕೊಳ್ಳುತ್ತೆ, ಖಾಲಿ ಇಟ್ರೆ ಒಳಗಿನ ದ್ರವ ಗಡ್ಡೆ ಕಟ್ಟಿ ಒಡೆದು ಹೋಗುತ್ತೆ. ಯಾವ 12 ವೋಲ್ಟ್ ಲಿಥಿಯಂನಾದ್ರೂ ಮೂರು ಸೀರೀಸಲ್ಲಿ ಹಾಕ್ಬಹುದು ಅಂದ್ಕೊಳ್ಬೇಡಿ, ಕೆಲವಕ್ಕೆ ಅದರ ಬೋರ್ಡ್ ಒಪ್ಪಲ್ಲ, ಕೊಳ್ಳೋ ಮುಂಚೆ ಕಾಗದ ಓದಿ. ಹಳೇದು ಹೊಸದು ಸೇರಿಸಿ ಕಟ್ಟೋದಂತೂ ಬೇಡವೇ ಬೇಡ, ಮೂರು ಎತ್ತಲ್ಲಿ ಒಂದು ಕುಂಟಿದ್ರೆ ಉಳಿದೆರಡೂ ಅದರ ಹೆಜ್ಜೆಗೇ ಬರಬೇಕು. ಮೀನು ಎಲ್ಲಿದೆ ಅಂತ ತೋರಿಸೋ ಫಿಶ್ ಫೈಂಡರಿಗೆ 12 ವೋಲ್ಟ್ ಬೇಕಲ್ಲ ಅಂತ ಈ ಮೂರರಲ್ಲಿ ಒಂದರಿಂದ ವೈರ್ ಎಳೆಯೋದೂ ಅದೇ ತಪ್ಪು. ಇಂಜಿನ್ ಸ್ಟಾರ್ಟಿಗೆ ನಾನು ಇವತ್ತಿಗೂ ಸೀಸದ್ದೇ ಇಟ್ಟಿದೀನಿ, ಪೂರ್ತಿ ಬೇರೆ, ಟ್ರೋಲಿಂಗ್ ಕಡೆಯ ಒಂದು ವೈರೂ ಅದನ್ನ ಮುಟ್ಟಲ್ಲ.

ಬೆರಳು ಸುಟ್ಟ ನಟ್

ಎರಡನೇ ಬೇಸಿಗೆಯ ಆಗಸ್ಟಲ್ಲಿ, ಎಜಿಎಂ ಇದ್ದಾಗ, ಒಂದು ಮಧ್ಯಾಹ್ನ ಮೋಟಾರು ಆಗಾಗ ಸಪ್ಪೆ ಆಗ್ತಿತ್ತು. ಸ್ಪಾಟ್ ಲಾಕ್ ಹಿಡಿಯೋದು, ಬಿಡೋದು. ಬ್ಯಾಟರಿ ಫುಲ್ ಇದೆ, ಮೋಟಾರು ಹೊಸದು, ವೈರು ನಾನೇ ಎಳೆದದ್ದು. ಹಿಂದಿನ ಮುಚ್ಚಳ ತೆಗೆದಾಗ ಬಿಸಿ ಪ್ಲಾಸ್ಟಿಕ್ ವಾಸನೆ, ಇಸ್ತ್ರಿ ಪೆಟ್ಟಿಗೆ ತುಂಬಾ ಹೊತ್ತು ಬಿಟ್ಟಾಗ ಬರೋ ಥರದ್ದು. ಎರಡನೇ ಬ್ಯಾಟರಿಯ ಪ್ಲಸ್ ಮೇಲಿನ ಚಿಟ್ಟೆ ನಟ್ ಮುಟ್ಟಿದೆ, ಬೆರಳು ಚುರ್ ಅಂತು. ನಟ್ ಸಡಿಲ ಆಗಿತ್ತು. ಕೈಯಲ್ಲಿ ಬಿಗಿ ಮಾಡಿದ್ದು, ಎರಡು ತಿಂಗಳು ಅಲೆ ಕುಟ್ಟಿದ ಮೇಲೆ ಕಾಲು ಸುತ್ತು ಬಿಚ್ಕೊಂಡಿತ್ತು, ಅಷ್ಟು ಸಾಕು. ಅದರ ಕೆಳಗಿನ ವೈರಿನ ತುದಿಯ ಕೆಂಪು ರಬ್ಬರ್ ಕಂದು ಬಣ್ಣಕ್ಕೆ ತಿರುಗಿ ಮೇಣದ ಹಾಗೆ ಜಾರಿತ್ತು. 60 ಆಂಪ್ ಬ್ರೇಕರ್ ಇತ್ತು, ಬ್ಯಾಟರಿ ಪಕ್ಕದಲ್ಲೇ ಹಾಕಿದ್ದೆ, ಅದು ಟ್ರಿಪ್ ಆಗಿರ್ಲಿಲ್ಲ, ಆಗೋದೂ ಇಲ್ಲ. ಬ್ರೇಕರ್ ನೋಡೋದು ಎಷ್ಟು ಆಂಪ್ ಹರೀತಿದೆ ಅಂತ, ಯಾವ ಜಾಗ ಕಾದಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಸಡಿಲ ಜಾಗದಲ್ಲಿ 40 ಆಂಪ್ ಹರಿದ್ರೂ ಬೆಂಕಿ ಹತ್ತೋಷ್ಟು ಕಾಯಬಹುದು.

ಅವತ್ತು ಸಂಜೆ ಗ್ಯಾರೇಜಲ್ಲಿ ಮಲ್ಟಿಮೀಟರ್ ಹಿಡ್ಕೊಂಡು ಕೂತೆ. ಮೋಟಾರ್ ಓಡ್ತಿರುವಾಗ್ಲೇ ಒಂದೊಂದು ಜೋಡಣೆಯ ಎರಡು ಕಡೆ ಮುಳ್ಳು ಇಟ್ಟು ನೋಡೋದು, ಒಳ್ಳೆ ಜೋಡಣೆಯಲ್ಲಿ ವೋಲ್ಟ್ ಸೊನ್ನೆಯ ಹತ್ತಿರ ಬರಬೇಕು. ಇದಕ್ಕೆ ಪ್ರೊಪೆಲ್ಲರ್ ನೀರಲ್ಲಿರಬೇಕು, ಗಾಳಿಯಲ್ಲಿ ತಿರುಗಿದ್ರೆ ಆಂಪ್ ಎಳೆಯಲ್ಲ, ಎಲ್ಲ ಚೆನ್ನಾಗೇ ಕಾಣುತ್ತೆ, ಅದಕ್ಕೆ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಲ್ಲಿ ನೀರು ತುಂಬಿ ಮೋಟಾರಿನ ಮುಂಡ ಅದರೊಳಗೆ ಇಳಿಸಿ, ಮೆಲ್ಲಗೆ ಓಡಿಸ್ದೆ, ಮಗಳು ರಿಮೋಟ್ ಹಿಡಿದಿದ್ಲು, ನಾನು ಕೂಗಿದ ನಂಬರಿಗೆ ಸ್ಪೀಡ್ ಇಡೋಳು, ಒಂದೊಂದು ರೀಡಿಂಗನ್ನೂ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆಯೋಳು. ಆ ಪೆನ್ಸಿಲ್ ಸಾಲುಗಳು ಈಗ್ಲೂ ಗೋಡೆ ಮೇಲಿವೆ, ಬಣ್ಣ ಹೊಡೆಸೋವಾಗ ಆ ಜಾಗ ಬಿಡಿಸಿದೆ. ಮೂರು ಕೆಟ್ಟ ಜೋಡಣೆ ಸಿಕ್ಕಿದ್ವು, ಮೂರೂ ನಾನೇ ಮಾಡಿದ್ದು. ಚಿಟ್ಟೆ ನಟ್ ಎಲ್ಲ ಬಿಸಾಕಿ ಸ್ಟೇನ್‌ಲೆಸ್ ನಟ್, ಲಾಕ್ ವಾಷರ್, ಸ್ಪ್ಯಾನರಲ್ಲಿ ಬಿಗಿ. ವೈರಿನ ತುದಿಗೆ ಕಟಿಂಗ್ ಪ್ಲೇಯರಲ್ಲಿ ಒತ್ತಿದ್ದ ಲಗ್, ಅಂದ್ರೆ ನಟ್ಟಿಗೆ ಸಿಕ್ಕಿಸೋ ಲೋಹದ ಬಳೆ, ಅದನ್ನ ಕಿತ್ತು, ಸರಿಯಾದ ಕ್ರಿಂಪಿಂಗ್ ಟೂಲ್ ಬಾಡಿಗೆಗೆ ತಂದು ಒತ್ತಿ, ಮೇಲೆ ಅಂಟು ಇರೋ ಹೀಟ್ ಶ್ರಿಂಕ್. ತಾಮ್ರ ಕೂಡ ತವರ ಲೇಪಿಸಿದ ಬೋಟ್ ವೈರೇ. ಮೋಟಾರ್ ಆರಿಸೋಕೆ ಎರಡು ತಿಂಗಳು ಓದಿದ್ದ ನಾನು ಈ ಲಗ್ಗುಗಳಿಗೆ ಅರ್ಧ ಗಂಟೆ ಕೊಟ್ಟಿದ್ದೆ. ಈಗ ಯಾರಾದ್ರೂ ದೊಡ್ಡ ಬೋಟಿಗೆ ಯಾವ ಮೋಟಾರ್ ತಗೊಳ್ಲಿ ಅಂತ ಕೇಳಿದ್ರೆ, ಬ್ಯಾಟರಿ ಎಲ್ಲಿಡ್ತೀರಾ, ವೈರ್ ಯಾವ ಗೇಜು, ಲಗ್ ಯಾರು ಒತ್ತಿದ್ದು ಅಂತ ಮೊದ್ಲು ಕೇಳ್ತೀನಿ.

ಊರಿಂದ ಕೆಲವರು ಕೇಳ್ತಾರೆ, ಇದನ್ನ ನಮ್ಮ ನಾಡದೋಣಿಗೆ ಹಾಕಿ ಸೀಮೆಎಣ್ಣೆ ಉಳಿಸಬಹುದಾ ಅಂತ. ಇಲ್ಲ, ಅಲೆ ದಾಟಿ ಕಡಲಿಗೆ ಹೋಗಿ ಬರೋ ಕೆಲ್ಸ ಇದರದ್ದಲ್ಲ. ಕರೆಂಟಲ್ಲಿ ಜನ ಸಾಗಿಸೋದು ನೋಡ್ಬೇಕಂದ್ರೆ ಕೇರಳದ ವೈಕ್ಕಂ ಹತ್ರ 2017ರಿಂದ 75 ಜನರ ಸೋಲಾರ್ ಫೆರ್ರಿ ಆದಿತ್ಯ ಓಡ್ತಿದೆ, ಅದು ಆ ಕೆಲ್ಸಕ್ಕೇ ಅಂತ ಹಗುರವಾಗಿ ಕಟ್ಟಿದ ಬೋಟು. ಹೊಳೆಯಲ್ಲಿ ಗಾಳ ಹಾಕೋರಿಗೆ ಟ್ರೋಲಿಂಗ್ ಮೋಟಾರ್ ಆಗುತ್ತೆ, ಆದ್ರೆ ಉಪ್ಪು ನೀರಿಗೆ ಅಂತಲೇ ಮಾಡಿದ್ದನ್ನ ತಗೊಳ್ಬೇಕು, ಮೋಟಾರಿನ ಲೋಹನ ಉಪ್ಪು ತಿನ್ನದ ಹಾಗೆ ಹಾಕಿರೋ ಸತುವಿನ ತುಂಡು ಕರಗ್ತಾ ಬಂದ ಹಾಗೆ ಬದಲಾಯಿಸ್ಬೇಕು.

ಹೋದ ಅಕ್ಟೋಬರಲ್ಲಿ ಅದೇ ಕೆಸರು ದಿಬ್ಬಕ್ಕೆ ಹೋಗಿದ್ವಿ, ನಾನು ಮತ್ತೆ ಮಗಳು. ಬೆಳಿಗ್ಗೆ ಹತ್ತಕ್ಕೆ ಗಾಳಿ ಎದ್ದಿತು, ಮತ್ತೆ ವಾಯವ್ಯದಿಂದ. ಟಾಪ್ ಮಡಚಿಟ್ಟಿದ್ವಿ. ಮೀಟರಲ್ಲಿ 8 ಆಂಪ್ ಇದ್ದದ್ದು 14 ಆಯ್ತು, 22 ಆಯ್ತು. ಊರಲ್ಲಿ ರಾತ್ರಿ ಎಂಟೂವರೆ, ಅಣ್ಣನಿಗೆ ವಿಡಿಯೋ ಕಾಲ್ ಮಾಡ್ದೆ. "ಲಂಗರ್ ಇಲ್ದೆ ನಿಂತ್ಕಂಡಿತ್ತಾ?" ಅಂದ. ಫೋನನ್ನ ಮುಂದಕ್ಕೆ ತಿರುಗಿಸಿ ತೋರಿಸ್ದೆ, ಮೋಟಾರಿನ ತಲೆ ತಾನಾಗೇ ಒಂಚೂರು ಎಡಕ್ಕೆ, ಒಂಚೂರು ಬಲಕ್ಕೆ ತಿರುಗ್ತಾ ಇತ್ತು, ಅಲೆ ಎರಡು ಪಕ್ಕಕ್ಕೆ ಸೀಳ್ಕೊಂಡು ಹೋಗ್ತಿತ್ತು. ಅಣ್ಣ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ, "ಮೂತಿ ಗಾಳಿಗೇ ಇತ್ತಲ" ಅಂದ, ಅಪ್ಪನ ದನಿಯಲ್ಲೇ. ಆಂಪ್ 30 ದಾಟಿದಾಗ ಮೀಟರ್ 61 ಪರ್ಸೆಂಟ್ ತೋರಿಸ್ತಿತ್ತು. ಇನ್ನೂ ಒಂದೆರಡು ಗಂಟೆ ನಿಲ್ಲಬಹುದಿತ್ತು. ಮಗಳು ನನ್ನ ಮುಖ ನೋಡಿ ಗಾಳದ ದಾರ ಸುತ್ತೋಕೆ ಶುರು ಮಾಡಿದ್ಲು, ನಾನು ಮೋಟಾರ್ ಎತ್ತಿ ಮಡಚಿ ಬೆಲ್ಟ್ ಕಟ್ಟಿ, ಹಿಂದಿನ ಇಂಜಿನ್ ಹತ್ತಿಸ್ದೆ.